ಮಳೆ ಲೆಕ್ಕದ ಪಕ್ಕ ಮನಸ್ಸಿನ ಲೆಕ್ಕ: ಒಂದು ಪ್ರಕರಣ

ಇವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ವಯಸ್ಸು 63. ಊರವರು ಕರೆಯುವ ಹಾಗೆ ನಾನೂ ಇಲ್ಲಿ ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ವಿವರಗಳನ್ನು ಬದಲಿಸಿದ್ದೇನೆ. ಇದೇ ಥರದ ತೊಂದರೆಯಿಂದ ಬಂದ ಇನ್ನೂ ಕೆಲವರ ಸಂಗತಿಗಳನ್ನೂ ಇದರೊಳಗೆ ಸೇರಿಸಿದ್ದೇನೆ. ಹಾಗಾಗಿ ಓದಿದವರು ಯಾರ ಮನೆ ಅಂತ ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಶಿವಮೊಗ್ಗದ ಒಬ್ಬ ಫಿಜಿಶಿಯನ್ ಅವರನ್ನು ಮಾತಿನ ಚಿಕಿತ್ಸೆ ಕೊಡುವ ನನ್ನ ಹತ್ತಿರ ಕಳಿಸಿದ್ದರು. ಅವರ ಚೀಟಿ ಚಿಕ್ಕದಾಗಿತ್ತು. ಇಸಿಜಿ, ಎಕೋ ನಾರ್ಮಲ್. ಎಂಡೋಸ್ಕೋಪಿ ನಾರ್ಮಲ್. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಎಲ್ಲ ಸರಿ ಇದೆ. ದಯವಿಟ್ಟು ಒಮ್ಮೆ ನೋಡಿ.

ಯಜಮಾನರ ದೂರು ಏನು? ಗ್ಯಾಸ್. ಎದೆ ಹತ್ತಿರ ಏನೋ ಕೂತ ಹಾಗೆ ಭಾರ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಎದ್ದು ಬಚ್ಚಲಿಗೆ ಹೋಗುವಷ್ಟರಲ್ಲಿ ಸುಸ್ತು. ಆರು ತಿಂಗಳಲ್ಲಿ ಮೈ ತುಂಬಾ ಇಳಿದಿತ್ತು, ಅಂಗಿಯ ಕಾಲರ್ ಕುತ್ತಿಗೆಯಿಂದ ದೂರ ನಿಂತಿತ್ತು. ಇದನ್ನೆಲ್ಲ ಹೇಳಿದ್ದು ಅವರ ಹೆಂಡತಿ. ಯಜಮಾನರು ಕುರ್ಚಿಯ ತುದಿಯಲ್ಲಿ ಕೂತು ಫ್ಯಾನ್ ನೋಡುತ್ತಿದ್ದರು. ಅವರಾಗಿ ಆಡಿದ ಮೊದಲ ಮಾತು ಇದು: "ನಂಗೆ ಹುಚ್ಚು ಗಿಚ್ಚು ಹಿಡಿದಿಲ್ಲ ಮೇಡಂ. ಇವಳು ಸುಮ್ನೆ ಕರ್ಕೊಂಡು ಬಂದಿದಾಳೆ."

ಹುಚ್ಚು ಇಲ್ಲ ಅಂತ ನಾನೂ ಒಪ್ಪಿಕೊಂಡೆ. ನಿದ್ದೆ ಯಾಕೆ ಬರ್ತಿಲ್ಲ ಅಂತ ನೋಡೋಣ ಅಂದೆ. ಅದಕ್ಕೆ ಒಪ್ಪಿದರು. ನಮ್ಮ ಕಡೆ ವಯಸ್ಸಾದ ಗಂಡಸರನ್ನು ಮನಸ್ಸಿನ ವಿಷಯಕ್ಕೆ ಕೂರಿಸಬೇಕಾದರೆ ನಿದ್ದೆ ಅಥವಾ ಹೊಟ್ಟೆಯಿಂದಲೇ ಶುರು ಮಾಡಬೇಕು. ಅದೇನು ಉಪಾಯವಲ್ಲ. ಖಿನ್ನತೆ ಬಹಳ ಜನರಲ್ಲಿ ನಿಜವಾಗಿಯೂ ಮೊದಲು ಕಾಣಿಸಿಕೊಳ್ಳುವುದು ಹೊಟ್ಟೆ, ತಲೆ, ನಿದ್ದೆಯಲ್ಲೇ.

ಹಿನ್ನೆಲೆ

ಎರಡು ವರ್ಷದ ಹಿಂದೆ ಕೊನೆಕೊಯ್ಲಿನ ಸಮಯ. ತೋಟದಲ್ಲೇ ಎದೆನೋವು ಬಂತು. ಮಂಗಳೂರಿಗೆ ಕರೆದುಕೊಂಡು ಹೋದರು, ಸ್ಟೆಂಟ್ ಹಾಕಿದರು. ಸ್ವಲ್ಪ ದಿನ ವಿಶ್ರಾಂತಿ ಬೇಕು, ಟೆನ್ಷನ್ ಮಾಡ್ಕೋಬೇಡಿ ಅಂತ ಡಾಕ್ಟರ್ ಹೇಳಿದರು. ಮನೆಯವರು "ಸ್ವಲ್ಪ ದಿನ" ಅನ್ನುವುದನ್ನು ಬಿಟ್ಟು "ವಿಶ್ರಾಂತಿ" ಅನ್ನುವುದನ್ನು ಮಾತ್ರ ಹಿಡಿದುಕೊಂಡರು.

ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅಪ್ಪ ಅಂದರೆ ಪ್ರಾಣ. ಅವನೇ ಓಡಾಡಿ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ. ಔಷಧಿ ಹೊಡೆಯುವುದರಿಂದ ಹಿಡಿದು ಕೊಯ್ಲಿನ ತನಕ ಎಲ್ಲ ಚೇಣಿದಾರನದೇ ಜವಾಬ್ದಾರಿ. ಕೊಟ್ಟಿಗೆಯ ಎರಡು ದನ ಮಾರಿದರು. ಬೈಕಿನ ಕೀ ತೆಗೆದಿಟ್ಟರು. ದೊಡ್ಡ ಟಿವಿ ಬಂತು, ಕಾಲು ಚಾಚಿ ಒರಗುವ ಕುರ್ಚಿ ಬಂತು. ಕಾಶಿಗೆ ಕಳಿಸಿದರು. ಎರಡು ತಿಂಗಳು ಬೆಂಗಳೂರಿಗೆ ಕರೆಸಿಕೊಂಡರು. ಅಲ್ಲಿ ಎಂಟನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಅವರು ಕೆಳಗಿನ ಪಾರ್ಕಿಂಗ್ ನೋಡುತ್ತಿದ್ದರಂತೆ. "ಅಪ್ಪನಿಗೆ ಏನೂ ಕೊರತೆ ಆಗಬಾರದು, ಖುಷಿಯಾಗಿರಬೇಕು, ಅಷ್ಟೇ ಮೇಡಂ" ಅಂತ ಮಗ ಫೋನಿನಲ್ಲಿ ಹೇಳಿದ. ಧಾರವಾಡದಲ್ಲಿರುವ ಮಗಳು ದಿನಾ ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಹೂವಿನ ಚಿತ್ರದ ಜೊತೆ "ನಗುನಗುತಾ ಇರಿ" ಅಂತ ಕಳಿಸುತ್ತಿದ್ದಳು.

ಇದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಐದೂವರೆಗೆ ಎದ್ದು ಕೊಟ್ಟಿಗೆ, ಆಮೇಲೆ ತೋಟ, ಹತ್ತಕ್ಕೆ ಆಳುಗಳ ಕೆಲಸ, ಮಧ್ಯಾಹ್ನ ಸೊಸೈಟಿ, ಸಂಜೆ ಪೇಟೆಯಲ್ಲಿ ಅಡಿಕೆ ರೇಟಿನ ಮಾತು, ಮಳೆಗಾಲದ ರಾತ್ರಿ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ). ಹೀಗೆ ನಲವತ್ತು ವರ್ಷ ನಡೆದ ದಿನಚರಿಯನ್ನು ಒಂದೇ ಸಲ ಕಿತ್ತು ತೆಗೆದು, ಆ ಜಾಗಕ್ಕೆ ಒಂದು ಕುರ್ಚಿ ಮತ್ತು ಟಿವಿ ಇಟ್ಟರು. ಖುಷಿ ಎಲ್ಲೆಲ್ಲಿ ಹುಟ್ಟುತ್ತಿತ್ತೋ ಅದೆಲ್ಲ ಹೋಯಿತು. ಆಮೇಲೆ ಖುಷಿಯಾಗಿರಿ ಅಂತ ಒತ್ತಾಯ ಬೇರೆ.

ಒತ್ತಾಯದಿಂದ ಇನ್ನೊಂದು ಗಾಯವೂ ಆಗಿತ್ತು. "ಎಲ್ಲ ಇದೆ ಮೇಡಂ. ಮಗ ರಾಜನ ಹಾಗೆ ನೋಡ್ಕೊಳ್ತಾನೆ. ಆದ್ರೂ ನಂಗೆ ಎಂತ ಬಂದಿದೆ ರೋಗ? ಇಷ್ಟಾಗಿಯೂ ಹೀಗಿದೀನಿ ಅಂದ್ರೆ ನಾನೇ ಸರಿ ಇಲ್ಲ." ಬೇಸರದ ಮೇಲೆ ಈ ತಪ್ಪಿತಸ್ಥ ಭಾವನೆ ಎರಡನೇ ಭಾರ. ಐರಿಸ್ ಮಾಸ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 2011ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಖುಷಿಯಾಗಿ ಇರಲೇಬೇಕು ಅಂತ ಪಟ್ಟು ಹಿಡಿಯುವವರು ಖುಷಿಪಡುವ ಹೊತ್ತಿನಲ್ಲೇ ನಿರಾಸೆಗೆ ಬೀಳುವುದು ಜಾಸ್ತಿ ಅಂತ ಅದರಲ್ಲಿ ಕಂಡುಬಂತು. "ಈಗ ನನಗೆ ಸಾಕಷ್ಟು ಖುಷಿ ಆಗ್ತಿದೆಯಾ" ಅಂತ ಅಳೆಯಲು ಹೊರಟ ಕೂಡಲೇ ಇದ್ದದ್ದೂ ಕಡಿಮೆ ಅನ್ನಿಸುತ್ತದೆ. ಯಜಮಾನರದು ಇನ್ನೂ ಕಷ್ಟದ ಸ್ಥಿತಿ. ಅವರ ಖುಷಿಯನ್ನು ಮೂರು ಊರಿನಲ್ಲಿ ಕೂತು ಮೂರು ಜನ ಅಳೆಯುತ್ತಿದ್ದರು.

ಮೊದಲ ಭೇಟಿಯಲ್ಲಿ ಕಂಡದ್ದು

ಪಿಎಚ್‌ಕ್ಯೂ-9 ಅಂತ ಖಿನ್ನತೆ ಅಳೆಯುವ ಒಂದು ಪ್ರಶ್ನಾವಳಿ ಇದೆ. ಕಳೆದ ಎರಡು ವಾರ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ. ಒಂದೊಂದಕ್ಕೆ 0ಯಿಂದ 3, ಒಟ್ಟು 27. ಹತ್ತು ಮುಟ್ಟಿದರೆ ಸರಿಯಾಗಿ ವಿಚಾರಿಸಬೇಕು. ಯಜಮಾನರದು 17 ಬಂತು. ಅಂದರೆ ಮಧ್ಯಮಕ್ಕಿಂತ ಜಾಸ್ತಿ, ತೀವ್ರಕ್ಕೆ ಹತ್ತಿರ. ನೆನಪಿನ ಶಕ್ತಿ ಪರೀಕ್ಷಿಸಿದೆ, ಚೆನ್ನಾಗಿತ್ತು. ಕುಡಿತ ಇಲ್ಲ.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ ಅದನ್ನು ಕೇಳಿದೆ. "ಮಾಡ್ಕೊಳ್ಳೋ ಯೋಚನೆ ಇಲ್ಲ. ಆದ್ರೆ ಬೆಳಿಗ್ಗೆ ಎಚ್ಚರ ಆಗದೆ ಇದ್ರೆ ಒಳ್ಳೇದಿತ್ತು ಅನ್ನಿಸುತ್ತೆ" ಅಂದರು. ಇದನ್ನು ಕೇಳಿದರೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಎದುರಿಗೆ ಇರುವವರಿಗೆ ಹಗುರ ಆಗುವುದೇ ಹೆಚ್ಚು. ಯೋಚನೆ ಎಷ್ಟು ಮುಂದೆ ಹೋಗಿದೆ, ಯಾವಾಗ ಬರುತ್ತದೆ ಅಂತ ವಿವರವಾಗಿ ವಿಚಾರಿಸಿದೆ. ಮೂರು ಗಂಟೆಗೆ ಎಚ್ಚರವಾದ ಮೇಲೆ ಬೆಳಕು ಹರಿಯುವ ತನಕದ ಹೊತ್ತು ಕಷ್ಟದ್ದು ಅಂತ ಗೊತ್ತಾಯಿತು. ಆ ಹೊತ್ತಿನಲ್ಲಿ ಹೆಂಡತಿಯನ್ನು ಎಬ್ಬಿಸಬೇಕು ಅಂತ ಮಾತಾಯಿತು. ತೋಟದ ಔಷಧಿ ಇಡುವ ಕೋಣೆಗೆ ಬೀಗ, ಕೀ ಹೆಂಡತಿಯ ಹತ್ತಿರ. ಟೆಲಿ ಮನಸ್ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸೇವೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ, ಯಾವ ಹೊತ್ತಿಗೂ ಸಿಗುತ್ತಾರೆ. ತೋಟದ ಮನೆಗಳಲ್ಲಿ ಈ ಬೀಗದ ವಿಷಯ ಸಣ್ಣದಲ್ಲ. ಮಲೆನಾಡು, ಬಯಲುಸೀಮೆ ಎಲ್ಲ ಕಡೆಯೂ ಕೃಷಿ ಔಷಧಿ ಕೈಗೆಟಕುವ ಜಾಗದಲ್ಲೇ ಬಿದ್ದಿರುತ್ತದೆ.

ಮಾತ್ರೆಯ ವಿಷಯ ನನ್ನದಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆಯನ್ನು ಸಣ್ಣ ಡೋಸಿನಲ್ಲಿ ಶುರು ಮಾಡಿದರು. ಹೃದಯದ ತೊಂದರೆ ಇರುವವರಲ್ಲಿ ಚೆನ್ನಾಗಿ ಪರೀಕ್ಷೆಯಾದ ಮಾತ್ರೆ ಅದು. ಆದರೂ ಯಜಮಾನರು ಸ್ಟೆಂಟ್ ಕಾರಣಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎರಡೂ ಸೇರಿದರೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಏರುತ್ತದೆ. ಹಾಗಾಗಿ ಮನೋವೈದ್ಯರು ಮೊದಲು ಹೃದಯದ ಡಾಕ್ಟರಿಗೆ ಒಂದು ಪತ್ರ ಬರೆದು, ಉತ್ತರ ಬಂದ ಮೇಲೆಯೇ ಮಾತ್ರೆ ಕೊಟ್ಟರು. ಇಷ್ಟು ಮಾಡುವ ಡಾಕ್ಟರ್ ಸಿಕ್ಕಿದರೆ ಪುಣ್ಯ ಅನ್ನಬೇಕು.

ಹೃದಯಾಘಾತ ಆದ ಸುಮಾರು ಐದು ಜನರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಖಿನ್ನತೆ ಇದ್ದರೆ ಹೃದಯ ಚೇತರಿಸಿಕೊಳ್ಳುವುದೂ ಹಿಂದೆ ಬೀಳುತ್ತದೆ. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಖಿನ್ನತೆಯನ್ನೂ ಅಪಾಯದ ಅಂಶವಾಗಿ ನೋಡಬೇಕು ಅಂತ ಹೇಳಿತು. ನಮ್ಮಲ್ಲಿ ಸ್ಟೆಂಟ್ ಆದವರಿಗೆ ಎಣ್ಣೆ, ಉಪ್ಪು, ತುಪ್ಪದ ಪಟ್ಟಿ ಕೊಡುತ್ತಾರೆ. ನಿದ್ದೆ ಬರ್ತಿದೆಯಾ, ಮನಸ್ಸು ಹೇಗಿದೆ ಅಂತ ಕೇಳುವವರು ಕಡಿಮೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಯಜಮಾನರೂ ಎರಡು ವರ್ಷ ಆ 85ರ ಒಳಗೇ ಇದ್ದರು.

ದಿನದ ಪಟ್ಟಿ

ಎರಡನೇ ಭೇಟಿಗೆ ಹಿಂದಿನ ದಿನ ಗಂಟೆಗಂಟೆಗೆ ಏನೇನು ಮಾಡಿದರು ಅಂತ ಕೇಳಿ ಬರೆದುಕೊಂಡೆ. ಮೂರಕ್ಕೆ ಎಚ್ಚರ. ಆರೂವರೆ ತನಕ ಹಾಸಿಗೆ. ಕಾಫಿ. ಪೇಪರ್, ತಲೆಬರಹ ಮಾತ್ರ. ಹತ್ತರಿಂದ ಹನ್ನೆರಡೂವರೆ ಕುರ್ಚಿ, ಟಿವಿ. ಊಟ. ಮಲಗುವುದು. ಕಾಫಿ. ಕುರ್ಚಿ. ಮಗನ ಫೋನ್, "ಆರಾಮಿದೀನಿ". ಊಟ. ಹಾಸಿಗೆ. ಒಂದೊಂದು ಗಂಟೆಗೂ ಮನಸ್ಸಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ ಅಂದೆ. ಎಲ್ಲ ಕಡೆ 2, 2, 3. ಒಂದು ಕಡೆ ಮಾತ್ರ 4. ಅದು ಏನು ಅಂತ ನೋಡಿದರೆ, ಕರೆಂಟ್ ಹೋಗಿತ್ತು, ಟಿವಿ ಬಂದ್. ಅಂಗಳದ ತುದಿಗೆ ಹೋಗಿ ತೋಟದ ಕಡೆ ನೋಡುತ್ತಾ ನಿಂತಿದ್ದರು.

ಇಲ್ಲಿಂದ ಚಿಕಿತ್ಸೆಯ ದಾರಿ ಸಿಕ್ಕಿತು. ನಾನು ಆರಿಸಿಕೊಂಡ ಕ್ರಮಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅನ್ನುತ್ತಾರೆ. ಪೀಟರ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇದಕ್ಕೆ ತಳಪಾಯ ಹಾಕಿದರು. ವಿಚಾರ ತುಂಬಾ ಸರಳ. ಮನಸ್ಸು ಕುಗ್ಗಿದಾಗ ಮನುಷ್ಯ ಕೆಲಸ ಬಿಡುತ್ತಾನೆ, ಜನರನ್ನು ಬಿಡುತ್ತಾನೆ. ಬಿಟ್ಟಷ್ಟೂ ಸಮಾಧಾನ ಕೊಡುವ ಸಂಗತಿಗಳು ಕಡಿಮೆಯಾಗುತ್ತವೆ. ಮನಸ್ಸು ಇನ್ನೂ ಕುಗ್ಗುತ್ತದೆ. ಈ ಸುತ್ತನ್ನು ಮುರಿಯಲು ಮನಸ್ಸು ಸರಿಯಾಗಲಿ ಅಂತ ಕಾಯುವುದಿಲ್ಲ. ಸಣ್ಣ ಕೆಲಸ, ಗೊತ್ತುಮಾಡಿದ ಹೊತ್ತು, ಮನಸ್ಸು ಇರಲಿ ಬಿಡಲಿ.

ಇದು ಪೇಟೆಯ ದೊಡ್ಡ ಕ್ಲಿನಿಕ್ಕಿಗೆ ಮಾತ್ರ ಹೊಂದುವ ವಿದ್ಯೆಯಲ್ಲ. ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಸಲಹೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರು ತಿಂಗಳಿಗೆ, ಇದನ್ನು ಪಡೆದವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಗೆ ಬಂದಿದ್ದರು. ಇದಿಲ್ಲದೆ ವೈದ್ಯರ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39. ನಾನು ಯಜಮಾನರಿಗೆ ಈ ಅಂಕಿಗಳನ್ನು ಹೇಳಿದೆ. ರೈತರಿಗೆ ಇಳುವರಿಯ ಲೆಕ್ಕ ಹೇಳಿದರೆ ಕಿವಿ ಕೊಡುತ್ತಾರೆ, ಸಮಾಧಾನದ ಮಾತಿಗೆ ಅಷ್ಟಾಗಿ ಕೊಡುವುದಿಲ್ಲ.

"ಮನಸ್ಸೇ ಇಲ್ಲದೆ ಕೆಲಸ ಹೇಗೆ ಮಾಡೋದು ಮೇಡಂ?" ಅಂತ ವಾದಕ್ಕೆ ಬಂದರು. ತಾಳಮದ್ದಲೆಯಲ್ಲಿ ಅರ್ಥ (ಪಾತ್ರದ ಮಾತು) ಹೇಳುತ್ತಿದ್ದವರು, ವಾದ ಬಿಡುವವರಲ್ಲ. ನಾನು ಉತ್ತರ ಹೇಳುವ ಮೊದಲೇ ಅವರೇ ಸ್ವಲ್ಪ ಯೋಚಿಸಿ, "ಪಂಪಿಗೆ ಮೊದಲು ಮೇಲಿಂದ ನೀರು ಹೊಯ್ದ ಹಾಗೆ ಅನ್ನಿ. ಗಾಳಿ ಹಿಡಿದ ಪಂಪು ಒಂದೇ ಸಲಕ್ಕೆ ಎತ್ತೋದಿಲ್ಲ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಮಳೆಮಾಪಕ

ಏನು ಕೆಲಸದಿಂದ ಶುರು ಮಾಡೋಣ? ವಾಕಿಂಗ್ ಬೇಡ ಅಂದರು. ಪ್ರಾಣಾಯಾಮ ಬೇಡ. ಮಗ ಅವೆರಡನ್ನೂ ಹೇಳಿ ಹೇಳಿ ಬೇಸರ ಬರಿಸಿದ್ದ. ಮೊದಲು ದಿನಾ ತಪ್ಪದೆ ಮಾಡುತ್ತಿದ್ದ, ಮೈಗೆ ಶ್ರಮವಿಲ್ಲದ ಕೆಲಸ ಏನಾದರೂ ಇತ್ತಾ ಅಂತ ಕೇಳಿದೆ. ಹೆಂಡತಿ ಬಾಯಿ ಹಾಕಿದರು. "ಮಳೆ ಬರೀತಿದ್ರಲ್ಲ!"

ಅಂಗಳದ ಮೂಲೆಯಲ್ಲಿ ಕಟ್ಟೆಯ ಮೇಲೆ ಒಂದು ಮಳೆಮಾಪಕ ಇದೆಯಂತೆ. ಅಪ್ಪನ ಕಾಲದಲ್ಲಿ ಇಟ್ಟಿದ್ದು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು, ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುವುದು. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು, ಮಿಲಿಮೀಟರ್, ಮಳೆ ನಕ್ಷತ್ರ. ಮೂವತ್ತು ವರ್ಷಕ್ಕೂ ಮೇಲೆ ಬರೆದಿದ್ದಾರೆ. ಆಗುಂಬೆಗೆ ಹತ್ತಿರದ ಸೀಮೆ, ಆಷಾಢದಲ್ಲಿ ಒಂದೇ ದಿನಕ್ಕೆ ನೂರು ಮಿಲಿಮೀಟರ್ ದಾಟಿದ ಸಾಲುಗಳು ಬೇಕಾದಷ್ಟಿವೆ. ಎದೆನೋವು ಬಂದ ಹಿಂದಿನ ದಿನಕ್ಕೆ ಬರವಣಿಗೆ ನಿಂತಿತ್ತು. ಅದಾದ ಮೇಲೆ ಎರಡು ಮಳೆಗಾಲ ಖಾಲಿ.

ಮುಂದಿನ ಸಲ ಪುಸ್ತಕ ತಂದು ತೋರಿಸಿದರು. ಮೂಲೆಯಲ್ಲಿ ಗೆದ್ದಲು ತಿಂದ ಪುಟ, ನೀಲಿ ಶಾಯಿ, ಸಣ್ಣ ಗುಂಡು ಅಕ್ಷರ. ಕೆಲವು ಸಾಲಿನ ಪಕ್ಕ ಒಂದೆರಡು ಮಾತು: "ಮೇಲಿನ ಧರೆ ಕುಸಿಯಿತು", "ಕಪ್ಪು ದನ ಕರು ಹಾಕಿತು". ಆಗ ಆರಿದ್ರಾ ಮಳೆ ಶುರುವಾಗಿತ್ತು. ಒಪ್ಪಂದ ಇಷ್ಟೇ: ಎಂಟೂವರೆಗೆ ಮಳೆ ಅಳೆಯುವುದು, ಬರೆಯುವುದು. ನಕ್ಷತ್ರದ ಪಕ್ಕ ಇನ್ನೊಂದು ಗೆರೆ ಎಳೆದು ಆವತ್ತಿನ ಮನಸ್ಸಿನ ಅಂಕಿಯನ್ನೂ ಬರೆಯುವುದು. ಬೇರೆ ಏನೂ ಮಾಡಬೇಡಿ ಅಂದೆ. ನಗು ಬಂದರೆ ನಗಿ, ಬಾರದಿದ್ದರೆ ಬಿಡಿ. ಮಗಳಿಗೂ ಫೋನ್ ಮಾಡಿ ಬೆಳಗಿನ ಹೂವಿನ ಮೆಸೇಜ್ ಸ್ವಲ್ಪ ದಿನ ನಿಲ್ಲಿಸಲು ಹೇಳಿದೆ. ಅವಳಿಗೆ ಬೇಜಾರಾಯಿತು. ಅದರ ಬದಲು "ಇವತ್ತು ಮಳೆ ಎಷ್ಟು ಅಪ್ಪಾ?" ಅಂತ ಕೇಳು ಅಂದೆ. ಆ ಪ್ರಶ್ನೆಗಾದರೆ ಅವರ ಹತ್ತಿರ ಉತ್ತರವಿತ್ತು.

ಮೊದಲ ವಾರ ಮಳೆ ಏರಿತು, ಮನಸ್ಸು 2ರಲ್ಲೇ ಇತ್ತು. ಎರಡನೇ ವಾರವೂ ದೊಡ್ಡ ಬದಲಾವಣೆ ಇಲ್ಲ. ಮಾತ್ರೆ ಕೆಲಸ ಶುರುಮಾಡಲಿಕ್ಕೂ ಕೆಲವು ವಾರ ಬೇಕು. ಈ ಹಂತದಲ್ಲೇ ಬಹಳ ಜನ "ಏನೂ ಉಪಯೋಗ ಇಲ್ಲ" ಅಂತ ಬರುವುದನ್ನು ನಿಲ್ಲಿಸುತ್ತಾರೆ. ಯಜಮಾನರು ನಿಲ್ಲಿಸಲಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಅಂತ ನಾನು ಅಂದುಕೊಂಡಿಲ್ಲ. ಪುಸ್ತಕ ಮತ್ತೆ ಶುರುವಾಗಿತ್ತಲ್ಲ, ಸಾಲು ತಪ್ಪಬಾರದು ಅನ್ನುವ ಹಠ.

ಪುನರ್ವಸು ಮಳೆಯ ಹೊತ್ತಿಗೆ ಒಂದು ಸಣ್ಣ ಸಂಗತಿ ನಡೆಯಿತು. ಮಳೆ ಅಳೆಯಲು ಹೊರಗೆ ಬಂದವರು, ಚೇಣಿದಾರನ ಕಡೆಯವರು ಬೋರ್ಡೋ ದ್ರಾವಣ ಕಲೆಸುವುದನ್ನು ನೋಡಿದ್ದಾರೆ. ಕೊಳೆ ರೋಗಕ್ಕೆ ಮೊದಲ ಸಲ ಮಳೆಗಾಲದ ಮುಂಚೆ, ಎರಡನೇ ಸಲ ನಲವತ್ತು-ನಲವತ್ತೈದು ದಿನ ಬಿಟ್ಟು ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಸುಣ್ಣ ಕಳಪೆಯಾಗಿದ್ದರೆ ದ್ರಾವಣ ಹುಳಿಯಾಗಿ ಅಡಿಕೆಯನ್ನೇ ಸುಡುತ್ತದೆ. ಯಜಮಾನರು ಕತ್ತಿಯ ಅಲಗು ಅದ್ದಿ ತೆಗೆದು ನೋಡಿದ್ದಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿತ್ತು. "ಇನ್ನೂ ಸುಣ್ಣ ಹಾಕ್ರೋ" ಅಂತ ಕೂಗಿದರಂತೆ. ಅವರು ಹಾಕಿದರು. ಇಷ್ಟನ್ನು ನನಗೆ ಹೇಳುವಾಗ ಅವರು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಕೂತಿದ್ದರು. ಕೈಯಲ್ಲಿ ಕತ್ತಿ ಹಿಡಿದ ಹಾಗೆ ಮಾಡಿ ತೋರಿಸಿದರು. ಆ ದಿನದ ಅಂಕಿ 5. ಎರಡು ವರ್ಷದಲ್ಲಿ ಯಾರಾದರೂ ಅವರ ಮಾತು ಕೇಳಿ ಕೆಲಸ ಮಾಡಿದ್ದು ಅದೇ ಮೊದಲು.

ಹೃದಯದ ಡಾಕ್ಟರಿಗೆ ಫೋನ್ ಮಾಡಿ ಎಷ್ಟು ಓಡಾಡಬಹುದು ಅಂತ ಕೇಳಿಸಿದೆವು. ಸಮತಟ್ಟಿನಲ್ಲಿ ದಿನಾ ಅರ್ಧ ಗಂಟೆ ನಡೆಯಲಿ, ಮೇಲ್ವಿಚಾರಣೆ ಮಾಡಲಿ, ಭಾರ ಎತ್ತುವುದು ಬೇಡ, ಇಷ್ಟನ್ನು ಯಾವಾಗಲೋ ಶುರು ಮಾಡಬಹುದಿತ್ತಲ್ಲ ಅಂದರು. ಅಂದರೆ ವಿಶ್ರಾಂತಿಯ ಅವಧಿ ಮುಗಿದು ವರ್ಷದ ಮೇಲಾಗಿತ್ತು. ಮುಗಿಯಿತು ಅಂತ ಹೇಳುವವರು ಇರಲಿಲ್ಲ.

ಸಿಟ್ಟು

ಆಗಸ್ಟ್ ಹೊತ್ತಿಗೆ ಪಿಎಚ್‌ಕ್ಯೂ 12ಕ್ಕೆ ಇಳಿಯಿತು. ನಿದ್ದೆ ನಾಲ್ಕೂವರೆ ತನಕ ಬರುತ್ತಿತ್ತು. ಸಾಯುವ ಯೋಚನೆ ನಿಂತಿತ್ತು. ಆದರೆ ಅಲ್ಲೇ ನಿಂತುಬಿಟ್ಟರು. ಮುಂದೆ ಹೋಗುತ್ತಿಲ್ಲ.

ಮಗನ ಮಾತು ಬಂದಾಗಲೆಲ್ಲ ಒಂದೇ ಧಾಟಿ: "ಒಳ್ಳೇದಕ್ಕೇ ಮಾಡಿದ." ಹೇಳುವಾಗ ದವಡೆ ಬಿಗಿಯುತ್ತಿತ್ತು. ಎದೆಭಾರವೂ ಹೆಚ್ಚಾಗಿ ಮಗನ ಫೋನ್ ಬಂದು ಹೋದ ಮೇಲೆಯೇ ಅಂತ ದಿನದ ಪಟ್ಟಿ ಹೇಳುತ್ತಿತ್ತು. ಒಮ್ಮೆ ಆ ಪಟ್ಟಿಯನ್ನೇ ಮುಂದಿಟ್ಟು ಕೇಳಿದೆ. ಚೇಣಿಗೆ ಕೊಡುವ ಮೊದಲು ನಿಮ್ಮನ್ನು ಕೇಳಿದರಾ?

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಉಸಿರಿಗೆ ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಎಲ್ಲ ಮುಗಿದಿತ್ತು. ಅಡ್ವಾನ್ಸ್ ಮಗನ ಖಾತೆಗೆ ಬಂದಿತ್ತು. ದನ ಮಾರಿದ್ದು ಅವರು ಬೆಂಗಳೂರಲ್ಲಿದ್ದಾಗ. "ನಾನು ಸತ್ತಿಲ್ಲ ಅಲ್ವಾ ಮೇಡಂ? ಸತ್ತವರ ಆಸ್ತಿ ಲೆಕ್ಕ ಮಾಡಿದ ಹಾಗೆ ಮಾಡಿದ್ರು." ಅಷ್ಟು ಹೇಳಿ ಅತ್ತರು. ಆಮೇಲೆ ಅತ್ತದ್ದಕ್ಕೆ ನಾಚಿಕೊಂಡರು. ಒಳ್ಳೆಯ ಮಗನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕೃತಘ್ನತೆ ಅಂತ ಅವರ ನಂಬಿಕೆ.

ಭಾವನೆಗಳ ಸಮತೋಲನ ಅಂದರೆ ಸದಾ ಶಾಂತವಾಗಿರುವುದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಬೇರೆ. ಪ್ರೀತಿಯೂ ಸಿಟ್ಟೂ ಒಬ್ಬರ ಮೇಲೆಯೇ ಒಟ್ಟಿಗೆ ಇರಬಹುದು, ಎರಡನ್ನೂ ಹೇಳಿಕೊಂಡರೂ ಸಂಬಂಧ ಉಳಿಯುತ್ತದೆ ಅನ್ನುವ ಧೈರ್ಯ ಅದು. ಮುಚ್ಚಿಡುವುದಕ್ಕೆ ಬೆಲೆಯಿದೆ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1997ರಲ್ಲಿ 180 ಮಹಿಳೆಯರ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ದುಃಖದ ಮತ್ತು ತಮಾಷೆಯ ಚಿತ್ರಗಳನ್ನು ತೋರಿಸಿ, ಅರ್ಧದಷ್ಟು ಜನಕ್ಕೆ ಮುಖದಲ್ಲಿ ಏನನ್ನೂ ತೋರಿಸಬೇಡಿ ಅಂದರು. ಬಚ್ಚಿಟ್ಟವರಿಗೆ ದುಃಖವೇನೂ ಕಡಿಮೆಯಾಗಲಿಲ್ಲ. ತಮಾಷೆಯಿಂದ ಸಿಗುವ ಖುಷಿ ಮಾತ್ರ ಕಡಿಮೆಯಾಯಿತು. ಜೊತೆಗೆ ಹೃದಯ, ರಕ್ತನಾಳಗಳ ಮೇಲಿನ ಒತ್ತಡ ಏರಿತು. ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ "ಒಳ್ಳೇದಕ್ಕೇ ಮಾಡಿದ" ಅಂತ ದವಡೆ ಬಿಗಿದು ಹೇಳುವುದನ್ನು ಕೇಳುವಾಗ ಈ ಪ್ರಯೋಗ ನೆನಪಿಗೆ ಬರದೆ ಇರುತ್ತದೆಯೇ?

ಮಗನ ಜೊತೆ ಮಾತಾಡುವ ತಯಾರಿಗೆ ಕೆಲವು ಭೇಟಿ ಹೋಯಿತು. ಯಜಮಾನರು ಅದನ್ನು ಪ್ರಸಂಗದ ಅರ್ಥಗಾರಿಕೆಯ ಹಾಗೆಯೇ ತಯಾರು ಮಾಡಿಕೊಂಡರು. ಎದುರಾಳಿ ಏನು ಹೇಳಬಹುದು, ಅದಕ್ಕೆ ಉತ್ತರವೇನು. ನಾನು ಮಗನ ಪಾತ್ರ ಮಾಡಿದೆ. "ನಿನ್ನ ಅರ್ಥ ಸಾಲದು ಮೇಡಂ, ಅವನು ಇನ್ನೂ ಜೋರು ಇದಾನೆ" ಅಂದರು. ಮಾತಿನ ಭರದಲ್ಲಿ "ನೀನು" ಅಂದದ್ದು ಅವರಿಗೆ ಗೊತ್ತಾಗಲಿಲ್ಲ. ನನಗೆ ಸಂತೋಷವೇ ಆಯಿತು.

ಸೆಪ್ಟೆಂಬರಿನಲ್ಲಿ ಮಗ ಬಂದ. ಅಪ್ಪ, ಅಮ್ಮ, ಮಗ ಮೂವರೂ ಕೂತರು. ಯಜಮಾನರು ತಯಾರು ಮಾಡಿದ್ದನ್ನೆಲ್ಲ ಬಿಟ್ಟು ನೇರ ಮಾತಿಗೆ ಬಂದರು. "ನನ್ನ ಕೇಳದೆ ಚೇಣಿ ಕೊಟ್ಟೆ. ಅದು ನಂಗೆ ಸರಿ ಕಾಣಲಿಲ್ಲ." ಮಗನ ಮುಖ ಬಿಳಿಚಿಕೊಂಡಿತು. "ನಿಮ್ಮ ಖುಷಿಗೆ ಮಾಡಿದ್ದಲ್ವಾ ಅಪ್ಪಾ?" ಅಂದ. "ಖುಷಿ ಅಲ್ಲ ಮಾರಾಯ. ಕೆಲಸ ಕೊಡು" ಅಂದರು ಅಪ್ಪ. ಮಗನೂ ತನ್ನದನ್ನು ಹೇಳಿದ. ಮಂಗಳೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕಳೆದ ಆ ರಾತ್ರಿಯ ಭಯ ಇನ್ನೂ ಹೋಗಿಲ್ಲ, ಅಪ್ಪ ತೋಟಕ್ಕೆ ಇಳಿದರು ಅಂದರೆ ಬೆಂಗಳೂರಲ್ಲಿ ಕೈ ನಡುಗುತ್ತದೆ ಅಂತ. ಇಷ್ಟು ದಿನ ಅವನು ಓಡಾಡಿದ್ದೆಲ್ಲ ಆ ಭಯದಿಂದ. ಅಪ್ಪನಿಗೆ ಅದು ಗೊತ್ತಿರಲಿಲ್ಲ.

ತೀರ್ಮಾನ ಸಿನಿಮಾದ ಹಾಗೆ ಆಗಲಿಲ್ಲ. ಈ ವರ್ಷದ ಚೇಣಿ ಕರಾರು ಮುರಿಯುವ ಹಾಗಿಲ್ಲ. ಮುಂದಿನ ವರ್ಷದಿಂದ ಮನೆ ಹತ್ತಿರದ ಒಂದು ಎಕರೆ ಯಜಮಾನರ ಕೈಗೆ, ಆಳು ಇಟ್ಟು ಮಾಡಿಸುವುದು. ಉಳಿದದ್ದು ಚೇಣಿಯಲ್ಲೇ ಇರಲಿ. ಮೊಬೈಲ್ ಜೇಬಲ್ಲಿ ಇಟ್ಟುಕೊಂಡೇ ತೋಟಕ್ಕೆ ಇಳಿಯಬೇಕು, ಇದು ಮಗನ ಷರತ್ತು. ಬೈಕಿನ ಕೀ ವಿಷಯಕ್ಕೆ ಜಗಳವಾಗಿ ನಿರ್ಧಾರ ಮುಂದಕ್ಕೆ ಹೋಯಿತು. ಆ ಭೇಟಿಯಾದ ಎರಡು ದಿನ ಪುಸ್ತಕದಲ್ಲಿ 3, 3. ಮಗನಿಗೆ ನೋವು ಮಾಡಿದೆನಲ್ಲ ಅಂತ. ನಂತರದ ವಾರ 6.

ಅದೇ ತಿಂಗಳು ಊರಿನ ತಾಳಮದ್ದಲೆಗೆ ಹೋದರು. ಯಕ್ಷಗಾನ ಮೇಳಗಳ ತಿರುಗಾಟ ಇಲ್ಲದ ಮಳೆಗಾಲದಲ್ಲೇ ಅಲ್ಲಿ ತಾಳಮದ್ದಲೆ ಜಾಸ್ತಿ. ಮೊದಲ ಸಲ ಜನರ ಮುಖ ನೋಡಲಾಗದೆ ಅರ್ಧಕ್ಕೇ ಎದ್ದು ಬಂದರು. ಎರಡನೇ ಸಲ ಕೊನೇ ತನಕ ಕೂತರು. ಅರ್ಥ ಹೇಳಲು ಕರೆದರೆ ಇನ್ನೂ ಬೇಡ ಅಂದರು.

ಹೆಂಡತಿಯ ಫೈಲು

ಮಗ ಬಂದ ದಿನ ನಾನು ಗಮನಿಸಿದ್ದು ಇನ್ನೊಂದು. ಅಪ್ಪ ಮಗ ಮಾತಾಡುವಾಗ ಅಮ್ಮ ಒಂದೇ ಒಂದು ಮಾತು ಆಡಲಿಲ್ಲ. ಸೆರಗಿನ ಅಂಚನ್ನು ಮಡಿಸುವುದು, ಬಿಚ್ಚುವುದು. ಎರಡು ವರ್ಷ ಬೆಳಗಿನ ಜಾವ ಮೂರಕ್ಕೆ ಗಂಡನ ಜೊತೆ ತಾನೂ ಎದ್ದು ಕೂತವರು. ಉಪ್ಪಿಲ್ಲದ ಅಡುಗೆ ಬೇರೆ, ತನಗೆ ಬೇರೆ. ಔಷಧಿ ಕೋಣೆಯ ಕೀಯನ್ನು ಕರಿಮಣಿಯ ಜೊತೆ ಪೋಣಿಸಿಕೊಂಡು ತಿಂಗಳುಗಟ್ಟಲೆ ಹಾಗೆಯೇ ಮಲಗಿದ್ದಾರೆ. ಮಾರಿದ ದನಗಳಿಗೆ ಹಿಂಡಿ ಕಲೆಸಿ ಸಾಕಿದ್ದೂ ಅವರೇ. ಅದನ್ನು ಯಾರೂ ಕೇಳಿರಲಿಲ್ಲ.

ಅವರನ್ನು ಒಬ್ಬರನ್ನೇ ಕೂರಿಸಿ ಅದೇ ಒಂಬತ್ತು ಪ್ರಶ್ನೆ ಕೇಳಿದೆ. 11 ಬಂತು. "ನಂದೆಂತ ಮೇಡಂ, ಅವರು ಸರಿಯಾದ್ರೆ ನಂದು ಸರಿಯಾಗುತ್ತೆ" ಅಂದರು. ರೋಗಿಯನ್ನು ನೋಡಿಕೊಳ್ಳುವವರಿಂದ ಈ ಮಾತು ಕೇಳದ ವಾರವಿಲ್ಲ. ಹಾಗೆ ತಾನಾಗಿ ಸರಿಯಾಗುವುದು ನಾನು ಕಂಡಷ್ಟರಲ್ಲಿ ಕಡಿಮೆ. ಅವರಿಗೆ ಬೇರೆಯದೇ ಫೈಲು ಮಾಡಿದೆ, ಬೇರೆ ದಿನ, ಬೇರೆ ಹೊತ್ತು. ಬರುವಾಗ ಗಂಡ ಜೊತೆಗೆ ಬರಬಾರದು ಅಂತ ಷರತ್ತು ಹಾಕಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಒಬ್ಬರೇ ಬರುವುದು ಅವರಿಗೆ ಮದುವೆಯಾದ ಮೇಲೆ ಹೊಸ ಅನುಭವ. ಮಂಡಗದ್ದೆ ಹತ್ತಿರ ಕಿಟಕಿಯಿಂದ ಹಕ್ಕಿಗಳನ್ನು ನೋಡಿದೆ ಅಂತ ಬಂದು ಹೇಳಿದರು. ಅವರ ಕಥೆ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮುಂದೆ

ಮಾರ್ಚಿನಲ್ಲಿ ಯಜಮಾನರ ಪಿಎಚ್‌ಕ್ಯೂ 5. ತೂಕ ಸ್ವಲ್ಪ ಮರಳಿ ಬಂದಿದೆ. ಗ್ಯಾಸ್ ಇದೆ ಅನ್ನುತ್ತಾರೆ, ಅದರ ಬಗ್ಗೆ ಈಗ ಅಷ್ಟು ಚಿಂತೆ ಇಲ್ಲ. ಡಿಸೆಂಬರಿನಲ್ಲಿ ಒಂದು ಸಲ ಮನಸ್ಸು ಮತ್ತೆ ಕುಗ್ಗಿತು. ಚೇಣಿದಾರ ಕೊಯ್ಲು ಮಾಡಿಸುವುದನ್ನು ನೋಡಿಕೊಂಡು ಸುಮ್ಮನೆ ನಿಲ್ಲಬೇಕಾದ ವಾರ ಅದು. ಜೊತೆಗೆ ತೋಟದ ಮೇಲಿನ ಭಾಗದಲ್ಲಿ ಎಲೆಚುಕ್ಕಿ ರೋಗ ಕಾಣಿಸಿತು. ಮತ್ತೆ ಮೂರು ಗಂಟೆಯ ಎಚ್ಚರ. ಮಳೆ ಇಲ್ಲದ ಕಾಲ, ಅಳೆಯಲು ಏನೂ ಇಲ್ಲ. ಆದರೂ ಪುಸ್ತಕದಲ್ಲಿ ದಿನಾ ಸೊನ್ನೆ ಬರೆದು ಪಕ್ಕದ ಅಂಕಿ ಬರೆಯುತ್ತಿದ್ದರು. ಅದು ನಾಲ್ಕು ದಿನ 3ರಲ್ಲಿ ನಿಂತಾಗ ಅವರೇ ಫೋನ್ ಮಾಡಿದರು, ಹೆಂಡತಿ ಹೇಳುವ ತನಕ ಕಾಯಲಿಲ್ಲ. ಪೂರ್ತಿ ಹುಷಾರಾಗಿದ್ದಾರಾ ಅಂತ ಕೇಳಿದರೆ ನನಗೆ 5ಕ್ಕಿಂತ ಈ ಫೋನ್ ಮುಖ್ಯ.

ಎಲೆಚುಕ್ಕಿಯ ಚಿಂತೆಗೆ ನನ್ನ ಹತ್ತಿರ ಔಷಧಿ ಇಲ್ಲ. ಅದು ನಿಜವಾದ ಚಿಂತೆ, ಶೃಂಗೇರಿ, ಕೊಪ್ಪ, ಹೊಸನಗರದ ಬೆಳೆಗಾರರೆಲ್ಲರದ್ದು. ಥೆರಪಿಗೆ ಬಂದವರ ಎಲ್ಲ ದುಃಖವೂ ಕಾಯಿಲೆಯಲ್ಲ. ತೋಟಕ್ಕೆ ರೋಗ ಬಂದಾಗ ರೈತನಿಗೆ ಬೇಸರವಾಗದಿದ್ದರೆ ನಾನು ಇನ್ನೂ ಜಾಸ್ತಿ ಗಾಬರಿಯಾಗುತ್ತಿದ್ದೆ.

ಮಾತ್ರೆಯನ್ನು ಚೇತರಿಸಿಕೊಂಡ ಮೇಲೆಯೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸುವುದು ರೂಢಿ. ಯಜಮಾನರಿಗೆ ಈಗಲೇ ನಿಲ್ಲಿಸುವ ಆತುರ. ಮನೋವೈದ್ಯರು ಒಪ್ಪಿಲ್ಲ, ಮುಂದಿನ ಮಳೆಗಾಲ ಕಳೆಯಲಿ, ಆಮೇಲೆ ನಿಧಾನಕ್ಕೆ ಇಳಿಸೋಣ ಅಂದಿದ್ದಾರೆ. ನನ್ನ ಹತ್ತಿರ ಬರುವುದು ಈಗ ಎರಡು ತಿಂಗಳಿಗೊಮ್ಮೆ. ಒಂದು ಎಕರೆಯ ಲೆಕ್ಕ ಅವರ ಕೈಗೆ ಬಂದಿದೆ. ಮೇ ಕೊನೆಯ ಬೋರ್ಡೋ ಸಿಂಪಡಣೆಗೆ ಸುಣ್ಣ ಯಾವ ಅಂಗಡಿಯಿಂದ ತರಬೇಕು ಅಂತ ಅಪ್ಪ ಮಗನಿಗೆ ಫೋನಿನಲ್ಲಿ ವಾದ ನಡೆದಿದೆ. ಬೈಕಿನ ಕೀ ಇನ್ನೂ ಬೆಂಗಳೂರಲ್ಲೇ ಇದೆ.